ತೇವ ಕಾಯುವ ಕಪಾಟು

ಕಳೆದ ಚಳಿಗಾಲದಲ್ಲಿ ಅಮ್ಮನಿಗೆ ಒಂದು ಸುಳ್ಳು ಹೇಳಿದೆ. ವಾಟ್ಸಾಪ್ ಕರೆಯಲ್ಲಿ ನನ್ನ ಅಂಗಿಯ ಮೇಲಿದ್ದ ಮರದ ಹುಡಿ ಕಂಡು, "ಎಂತ ಮಾಡ್ತಾ ಇದ್ದಿ?" ಎಂದು ಕೇಳಿದಳು. "ಪುಸ್ತಕಕ್ಕೆ ಒಂದು ಕಪಾಟು" ಎಂದೆ. ನಿಜಕ್ಕೂ ಮಾಡುತ್ತಿದ್ದದ್ದು ಸಿಗಾರ್ ಇಡುವ ಕಪಾಟು. ಅಮ್ಮ ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೂವತ್ತು ವರ್ಷ ಬೀಡಿ ಕಟ್ಟಿದವಳು.

ನಾನಿರುವುದು ಷಿಕಾಗೋದ ಹೊರವಲಯದಲ್ಲಿ. ಪಕ್ಕದ ಮನೆಯ ಅಜ್ಜನಿಗೆ ನನ್ನ ಮರಗೆಲಸದ ಹುಚ್ಚು ಗೊತ್ತು. ತೀರಿಹೋದ ಹೆಂಡತಿ ಪಿಂಗಾಣಿ ಜೋಡಿಸಿಡುತ್ತಿದ್ದ ಗಾಜಿನ ಬಾಗಿಲಿನ ಕಪಾಟನ್ನು ತೋರಿಸಿ, ಇದರಲ್ಲಿ ಸಿಗಾರ್ ಇಡುವ ಹಾಗೆ ಮಾಡಿಕೊಡುತ್ತೀಯಾ ಎಂದರು. ಹೂಂ ಎಂದುಬಿಟ್ಟೆ.

ಕೆಲಸ ಸುಲಭದ್ದಲ್ಲ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಸಿಗಾರಿಗೆ ಬೇಕಾದದ್ದು ಶೇಕಡಾ 65ರಿಂದ 70ರಷ್ಟು ತೇವ. ಕಡಿಮೆಯಾದರೆ ಹೊರಗಿನ ಎಲೆ ಬಿರಿಯುತ್ತದೆ, ಹೆಚ್ಚಾದರೆ ಬೂಸ್ಟು. ಬಿಸಿ ಏರಿದರೆ ತಂಬಾಕಿನ ಹುಳ ಹುಟ್ಟಿ ಎಲೆ ಕೊರೆಯುತ್ತದೆ. ಮೊದಲು ಒಳಗಿನ ವಾರ್ನಿಷ್ ಉಜ್ಜಿ ತೆಗೆದೆ, ಅದರ ವಾಸನೆ ತಂಬಾಕಿಗೆ ಹತ್ತುತ್ತದೆ. ಆಮೇಲೆ ಸ್ಪ್ಯಾನಿಷ್ ಸೀಡರ್ ಹಲಗೆಗಳನ್ನು ಹೊಂದಿಸಿದೆ. ಹೆಸರು ಹಾಗಿದ್ದರೂ ಅದು ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ನಮ್ಮ ಬೇವಿನ ಕುಟುಂಬದ ಅಮೆರಿಕದ ಮರ. ರಾತ್ರಿ ದೀಪ ಆರಿಸಿ, ಒಳಗೆ ಟಾರ್ಚ್ ಹೊತ್ತಿಸಿಟ್ಟು ಬಾಗಿಲು ಮುಚ್ಚಿ, ಬೆಳಕು ಸೋರಿದಲ್ಲೆಲ್ಲ ರಬ್ಬರ್ ಪಟ್ಟಿ ಅಂಟಿಸಿದೆ. ಬಾಟಲಿಯ ಮುಚ್ಚಳದಲ್ಲಿ ಒದ್ದೆ ಉಪ್ಪು ಹಾಕಿ, ತೇವಮಾಪಕದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಮಾಪಕ ಸರಿ ಇದ್ದರೆ 75 ತೋರಿಸಬೇಕು. 72 ತೋರಿಸಿತು. ಆ ಮೂರು ಅಂಕಿಯ ವ್ಯತ್ಯಾಸವನ್ನು ಸರಿಪಡಿಸಿದಾಗ ಆದ ಖುಷಿ ಆಫೀಸಿನಲ್ಲಿ ನನಗೆ ಸಿಕ್ಕಿಲ್ಲ.

ಕೊನೆಗೆ ತಟ್ಟೆಯಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು, ಮರ ತೇವ ಹೀರಲೆಂದು ಎರಡು ವಾರ ಬಾಗಿಲು ಮುಚ್ಚಿದೆ. ಮುಚ್ಚುವಾಗಲೇ ಒದ್ದೆ ಗೋಣಿ ನೆನಪಾದದ್ದು. ಅಮ್ಮ ರಾತ್ರಿ ಬೀಡಿ ಎಲೆ ನೆನೆಸಿ, ನೀರು ಬಸಿದು, ಗೋಣಿಯಲ್ಲಿ ಸುತ್ತಿ ಮೂಲೆಯಲ್ಲಿಡುತ್ತಿದ್ದಳು. ಬೆಳಿಗ್ಗೆ ಅಚ್ಚು ಇಟ್ಟು ಕತ್ತರಿಸಿ, ಮೊರ ತೊಡೆಯ ಮೇಲಿಟ್ಟರೆ ದಿನಕ್ಕೆ ಏಳೆಂಟು ನೂರು ಬೀಡಿ. 25ರ ಕಟ್ಟುಗಳು. ಸಂಜೆ ಬ್ರಾಂಚಿಗೆ.

ಅಮ್ಮ ಮಾಡಿದ್ದನ್ನೇ ನಾನು ಮಾಡುತ್ತಿದ್ದೇನೆ, ಇದರಲ್ಲಿ ತಪ್ಪೇನು ಎಂದು ಮೊದಲು ಸಮಾಧಾನ ಹೇಳಿಕೊಂಡೆ. ಆದರೆ ಅಡುಗೆ, ದನ, ಮಕ್ಕಳ ನಡುವೆ ಕೂತಲ್ಲೇ ಮಾಡಬಹುದಾದ ದುಡಿಮೆ ಅವಳಿಗೆ ಅದೊಂದೇ ಇತ್ತು. ನನ್ನ ಕಾಲೇಜು ಫೀಸು ಅದರಿಂದಲೇ ಬಂತು. ನನಗೆ ಇದ್ದದ್ದು ಬರೀ ಶನಿವಾರ, ಭಾನುವಾರ. ಅವಳ ಅನಿವಾರ್ಯವನ್ನು ನನ್ನ ಹವ್ಯಾಸಕ್ಕೆ ಜಾಮೀನು ನಿಲ್ಲಿಸುವುದು ನ್ಯಾಯವಲ್ಲ.

ಹಾಗೆಂದು ಅವಳ ಕೆಲಸವನ್ನು ಬರೀ ಅನಿವಾರ್ಯ ಎನ್ನುವುದೂ ಸುಳ್ಳೇ. ಬ್ರಾಂಚಿನಲ್ಲಿ ಒಂದೂ ಬೀಡಿ ತಿರಸ್ಕಾರವಾಗದ ದಿನ ಅವಳ ನಡಿಗೆಯೇ ಬೇರೆ ಇರುತ್ತಿತ್ತು. ಕೈ ಚೆನ್ನಾಗಿ ಕೂತ ಕೆಲಸದ ಸುಖ ಬಡವರಿಗೂ ಇರುತ್ತದೆ. ಅಜ್ಜನ ಸಿಗಾರ್ ಡಬ್ಬಿಯ ಮೇಲೂ 'ಕೈಯಲ್ಲಿ ಮಾಡಿದ್ದು' ಎಂದು ಸ್ಪ್ಯಾನಿಷಿನಲ್ಲಿ ಬರೆದಿದೆ. ನಿಕರಾಗುವಾದ ಎಸ್ತೆಲಿಯಿಂದ ಬಂದ ಡಬ್ಬಿ. ಅಲ್ಲಿ ಸಿಗಾರ್ ಸುತ್ತುವವರಲ್ಲಿ ಹೆಂಗಸರು ಬಹಳ. ಅವರಿಗೂ ಆ ಸುಖ ಇದ್ದೀತು.

ನನ್ನನ್ನು ಕಾಡಿದ್ದು ಆ ಸುಖದ ಇನ್ನೊಂದು ಗುಣ. ಅದು ಕೆಲಸದ ತುದಿಯವರೆಗೆ ನೋಡಲು ಬಿಡುವುದಿಲ್ಲ. ಬೆಳೆದವನು ಎಲೆ ನೋಡುತ್ತಾನೆ, ಕಟ್ಟುವವಳು ನೂಲು ನೋಡುತ್ತಾಳೆ, ನಾನು ಕಪಾಟಿನ ಬಿರುಕು ನೋಡಿದೆ. ಹೊಗೆ ಯಾರ ಪಾಲಿಗೂ ಬರುವುದಿಲ್ಲ, ಸೇದುವವನ ಹೊರತು. ನಾನು ಪಿಯುಸಿಯಲ್ಲಿದ್ದಾಗ ಸೋದರಮಾವ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಅಮ್ಮ ಕಟ್ಟುತ್ತಿದ್ದ ಬೀಡಿಯನ್ನೇ ಸೇದುತ್ತಿದ್ದವರು. ಬೊಜ್ಜ ಮುಗಿದ ಮರುದಿನ ಅಮ್ಮ ಮತ್ತೆ ಮೊರ ಎತ್ತಿಕೊಂಡಳು. ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಪುಸ್ತಕದ ಕಪಾಟು ಎಂದು ನಾನು ಸುಳ್ಳು ಹೇಳಿದ್ದು ಆ ಮೌನಕ್ಕೆ ಹೆದರಿ.

ಮಾರ್ಚಿನಲ್ಲಿ ನಿಜ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀರು ಎಲ್ಲಿ ಇಟ್ಟದ್ದು?" ಎಂದಳು. ಹೇಳಿದೆ. "ಎಲೆಗೆ ನೀರು ತಾಗ್ಲಿಕ್ಕಿಲ್ಲ ನೋಡು, ಬೂಸ್ಟು ಬರ್ತದೆ." ಮತ್ತೆ ಕೇಳಿದಳು: "ಆ ಅಜ್ಜನಿಗೆ ಮಕ್ಕಳಿಲ್ವಾ?"

"ಇದ್ದಾರೆ, ದೂರ."

"ದಿನಕ್ಕೆ ಎಷ್ಟು ಸೇದ್ತಾರಂತೆ?"

ಅದನ್ನು ನಾನು ಕೇಳಿರಲಿಲ್ಲ. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ, ಮಾಪಕದಲ್ಲಿ ತೇವ ಎಷ್ಟಿದೆ ಎಂದು ಮಾತ್ರ ನೋಡಿ ಬರುತ್ತಿದ್ದೆ.