ಮತ್ತೆ ತೋಟೆ ತುಂಬುವ ಹೊತ್ತು

ನಾಗರಿಕರ ಕೈಯಲ್ಲಿ ಬಂದೂಕೇ ಇರಕೂಡದು ಎಂದು ಹಾಸ್ಟೆಲ್ಲಿನಲ್ಲಿ ಗಂಟೆಗಟ್ಟಲೆ ವಾದಿಸಿದವನು ನಾನು. ಕೈಲ್‌ಪೋಳ್ದ್ ಹಬ್ಬಕ್ಕೆ ಕೊಡಗಿನ ಗೆಳೆಯನ ಮನೆಗೆ ಹೋದಾಗ, ದೀಪದ ಮುಂದೆ ತೋಕ್ ಪೂ ಮುಡಿದಿದ್ದ ಕೋವಿ ಕಂಡು ಮಾತು ತಡವರಿಸಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅಲ್ಲಿ ಕೋವಿ ಊರಿಗೆ ಸುದ್ದಿ ಮುಟ್ಟಿಸುವ ದನಿಯೂ ಹೌದು. (ಹೆಣ್ಣುಮಗುವಾದರೆ ಎಂದು ಕೇಳಿದೆ. ಗೆಳೆಯನ ತಂಗಿ ನಕ್ಕಳು.) ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ.

ಹಾಗಾದರೆ ನಿಷೇಧಿಸಬೇಕಾದದ್ದು ಯಾವುದನ್ನು? 1996ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಆಮೇಲೂ ಆ ದೇಶ ಎಲ್ಲ ಕೋವಿಗಳನ್ನು ಕಿತ್ತುಕೊಳ್ಳಲಿಲ್ಲ. ಮುಖ್ಯವಾಗಿ ಸೆಮಿ-ಆಟೊಮ್ಯಾಟಿಕ್‌ಗಳನ್ನು ನಿಷೇಧಿಸಿ, ಹಣ ಕೊಟ್ಟು ವಾಪಸು ಪಡೆಯಿತು.

ಗೆಳೆಯನ ಮನೆಯದು ಜೋಡಿ ನಳಿಗೆಯ ಕೋವಿ. ಎರಡು ಗುಂಡಾದ ಮೇಲೆ ಮಡಿಸಿ, ಖಾಲಿ ತೋಟೆ ತೆಗೆದು, ಹೊಸದು ತುಂಬಬೇಕು. ಸೆಮಿ-ಆಟೊಮ್ಯಾಟಿಕ್‌ನಲ್ಲಿ ಮ್ಯಾಗಜೀನ್ ಬರಿದಾಗುವವರೆಗೆ ಬೆರಳು ಒತ್ತಿದಷ್ಟೂ ಗುಂಡು. ತುಂಬುವ ಆ ಕೆಲವು ಸೆಕೆಂಡುಗಳಲ್ಲಿ ಯಾರೋ ಓಡಿ ಬದುಕಬಹುದು, ಯಾರೋ ಮೇಲೆಬಿದ್ದು ಹಿಡಿಯಬಹುದು. ಕೊಲ್ಲುವುದು ಮನುಷ್ಯನೇ ಹೊರತು ಬಂದೂಕಲ್ಲ ಎನ್ನುವವರು ಈ ಸೆಕೆಂಡುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದ ನಾನೂ ಹಿಡಿದಿರಲಿಲ್ಲ.

ಆದರೂ ಒಬ್ಬನನ್ನು ಕೊಲ್ಲಲು, ತನ್ನನ್ನೇ ಕೊಂದುಕೊಳ್ಳಲು, ಒಂದು ತೋಟೆ ಸಾಕಲ್ಲ? ಊಟದ ಹೊತ್ತಿಗೆ ಇದನ್ನೂ ಕೇಳಿಬಿಟ್ಟೆ. ಗೆಳೆಯನ ಅಪ್ಪ ಏನೂ ಹೇಳಲಿಲ್ಲ. ಸಂಜೆ ಕೋವಿಯನ್ನು ಬೀರುವಿನಲ್ಲಿಟ್ಟು, ತೋಟೆಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿಕೊಂಡರು.