ಬೆಲೆ ಹೇಳುವವನ ಹೊಣೆ

ಬದನೆಕಾಯಿ ಕೊಳ್ಳುವಾಗ ನಮ್ಮನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ನಿನ್ನೆ ಕೊಂಡಿದ್ದೇವೆ, ನಾಳೆಯೂ ಕೊಳ್ಳುತ್ತೇವೆ, ಧಾರಣೆ ಬಾಯಿಪಾಠವಾಗಿರುತ್ತದೆ. ಮನೆಯ ಸಂಗತಿ ಹಾಗಲ್ಲ. ನಮ್ಮಂಥ ಸಂಬಳದ ಜನ ಜನ್ಮದಲ್ಲಿ ಒಂದು ಸಲ ಮನೆ ಮಾರಿದರೆ ಹೆಚ್ಚು. ಆ ಒಂದು ಸಲ ಅದರ ಬೆಲೆಯೆಷ್ಟೆಂದು ತಿಳಿಯಲು ದಲ್ಲಾಳಿಯ ಮುಖ ನೋಡಬೇಕು. ಅವನು ಹೇಳಿದ್ದೇ ಪೇಟೆ. ಹಾಗೆ ಹೇಳುವಾಗ ಅವನು ನಮಗೆ ಏನನ್ನು ಸಲ್ಲಿಸಬೇಕಾದವನು?

ಹನಕೆರೆಯಲ್ಲಿ ನನ್ನ ಪರಿಚಯದ ವೃದ್ಧೆಯೊಬ್ಬರಿದ್ದಾರೆ. ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಮೈಸೂರು ರಸ್ತೆಯ ಊರು ಅದು. ಹೆಂಚಿನ ಮನೆ, ಹಿಂದೆ ಹಿತ್ತಿಲು, ನಾಲ್ಕು ತೆಂಗು. ಯಜಮಾನರು ತೀರಿಕೊಂಡ ಮೇಲೆ ಅದನ್ನು ಮಾರಿ, ಮಂಡ್ಯದಲ್ಲಿರುವ ಮಗಳ ಮನೆಯ ಹತ್ತಿರ ಚಿಕ್ಕದೊಂದು ಮನೆ ಮಾಡಿಕೊಳ್ಳಬೇಕೆಂದು ಅವರ ಇಚ್ಛೆ. ಉಳಿದ ಹಣದ ಬಡ್ಡಿಯಲ್ಲಿ ಔಷಧಿ, ಊಟ ನಡೆಯಬೇಕು. ಇಬ್ಬರು ದಲ್ಲಾಳಿಗಳು ಬಂದುಹೋದರು. ಒಬ್ಬ 60 ಲಕ್ಷ ಎಂದ. ಇನ್ನೊಬ್ಬ, "ಅವ್ವಾ, ನಲವತ್ತಕ್ಕೆ ಹೂಂ ಅನ್ನಿ, ಹದಿನೈದು ದಿವ್ಸದಲ್ಲಿ ರಿಜಿಸ್ಟ್ರು ಮಾಡ್ಸಿಕೊಡ್ತೀನಿ" ಎಂದ. ನಾನು ಹೋದಾಗ ಆಕೆ ಕೇಳಿದ್ದು ಒಂದೇ: "ಇವ್ರಿಬ್ರಲ್ಲಿ ಯಾರು ಸುಳ್ ಯೋಳ್ತಾವ್ರೆ ಸ್ವಾಮಿ?"

ಇಬ್ಬರೂ ಇರಬಹುದು ಎಂದೆ. ಹಾಸ್ಯಕ್ಕೆ ಹೇಳಿದ ಮಾತಲ್ಲ.

60 ಲಕ್ಷದವನ ಉಪಾಯ ಹಳೆಯದು. ದೊಡ್ಡ ಅಂಕಿ ಹೇಳಿದರೆ ಮನೆಯವರ ಮನಸ್ಸು ಅರಳುತ್ತದೆ, ವ್ಯವಹಾರ ಅವನ ಕೈ ಸೇರುತ್ತದೆ. ನಾಲ್ಕು ತಿಂಗಳು ಯಾರೂ ಸುಳಿಯುವುದಿಲ್ಲ. ಅಷ್ಟರಲ್ಲಿ, ಇಷ್ಟು ದಿನ ಮಾರಾಟವಾಗದ ಮನೆಯಲ್ಲಿ ಏನೋ ದೋಷವಿರಬೇಕೆಂದು ಊರು ಆಡಿಕೊಳ್ಳತೊಡಗುತ್ತದೆ. ಆಮೇಲೆ ಅವನೇ ಬಂದು, ಕಾಲ ಕೆಟ್ಟಿದೆ, ಸ್ವಲ್ಪ ಇಳಿಸಿ ಎನ್ನುತ್ತಾನೆ. ನಿಜ ಹೇಳಿದವನನ್ನು ಬಿಟ್ಟು ಇವನನ್ನು ಹಿಡಿಯುವವರು ನಾವೇ ಎಂಬುದೂ ಸುಳ್ಳಲ್ಲ.

40 ಲಕ್ಷದವನದು ಸೂಕ್ಷ್ಮವಾದ ಲೆಕ್ಕ. ಕಮಿಷನ್ ಶೇಕಡ 2 ಎಂದಿಟ್ಟುಕೊಳ್ಳೋಣ. 40 ಲಕ್ಷಕ್ಕೆ ಮಾರಿದರೆ ಅವನಿಗೆ 80 ಸಾವಿರ. ಮೂರು ತಿಂಗಳು ಓಡಾಡಿ 45 ಲಕ್ಷ ಕೊಡುವವನನ್ನು ಹುಡುಕಿ ತಂದರೆ ಆ ತಾಯಿಗೆ 5 ಲಕ್ಷ ಹೆಚ್ಚು. ಅವನಿಗೆ ಹೆಚ್ಚುವುದು 10 ಸಾವಿರ. 10 ಸಾವಿರಕ್ಕಾಗಿ ಮೂರು ತಿಂಗಳು ಚಪ್ಪಲಿ ಸವೆಸುವವರು ಯಾರು? ಅಮೆರಿಕದ ಅರ್ಥಶಾಸ್ತ್ರಜ್ಞರಾದ ಲೆವಿಟ್ ಮತ್ತು ಸೈವರ್ಸನ್ ಇದನ್ನೇ ಅಳೆದು 2008ರಲ್ಲಿ ಪ್ರಕಟಿಸಿದರು. ಷಿಕಾಗೋ ಸುತ್ತಿನ ಸುಮಾರು ಒಂದು ಲಕ್ಷ ಮಾರಾಟಗಳನ್ನು ನೋಡಿದಾಗ, ದಲ್ಲಾಳಿಗಳು ತಮ್ಮ ಸ್ವಂತ ಮನೆಯನ್ನು ಮಾರುವಾಗ ಒಂಬತ್ತೂವರೆ ದಿನ ಹೆಚ್ಚು ಕಾದು, ಶೇಕಡ 3.7ರಷ್ಟು ಹೆಚ್ಚು ಬೆಲೆ ಪಡೆದದ್ದು ಕಂಡಿತು. ಅವರು ದುಷ್ಟರೆಂದು ಇದರ ಅರ್ಥವಲ್ಲ. ತನ್ನ ಮನೆಗೆ ಬೇಕಾದ ತಾಳ್ಮೆ ಪರರ ಮನೆಗೆ ತಾನಾಗಿ ಹುಟ್ಟುವುದಿಲ್ಲ, ಅಷ್ಟೆ. ಕರ್ತವ್ಯವೆಂಬ ಮಾತಿಗೆ ಕೆಲಸ ಬೀಳುವುದು ಅಲ್ಲಿಯೇ. ತಾನಾಗಿ ಹುಟ್ಟುವಂತಿದ್ದರೆ ಅದರ ಅಗತ್ಯವೇನಿತ್ತು?

ಪೇಟೆಯೆಂದರೆ ಜಾಣತನ, ಕಣ್ಣು ಬಿಟ್ಟು ನಡೆಯಬೇಕಾದದ್ದು ಮಾರುವವರೇ ಎಂಬ ವಾದವೊಂದಿದೆ. ಕೊಳ್ಳುವವನ ಬಾಯಲ್ಲಿ ಅದು ಒಪ್ಪಬಹುದು. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಗ್ರಂಥದಲ್ಲಿ ಸ್ಕೇವೊಲ ಎಂಬ ಗೃಹಸ್ಥನ ಕಥೆ ಹೇಳುತ್ತಾನೆ. ಜಮೀನಿಗೆ ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನೇ ಒಂದು ಲಕ್ಷ ಸೆಸ್ಟರ್ಸ್ ನಾಣ್ಯ ಹೆಚ್ಚಾಗಿ ಕೊಟ್ಟನಂತೆ. ಅದು ಔದಾರ್ಯ, ಎಲ್ಲ ಖರೀದಿದಾರರಿಂದಲೂ ಅದನ್ನು ನಿರೀಕ್ಷಿಸಲಾಗದು. ಆದರೆ ದಲ್ಲಾಳಿ ಎದುರು ಪಕ್ಷದವನಲ್ಲ. ನಮ್ಮ ಅಜ್ಞಾನಕ್ಕೆ ಕಣ್ಣಾಗಲೆಂದೇ ನಾವು ಅವನಿಗೆ ಹಣ ಕೊಡುತ್ತೇವೆ. ಆ ಅಜ್ಞಾನದಿಂದಲೇ ಅವನು ಲಾಭ ಪಡೆದರೆ ಅದಕ್ಕೆ ಜಾಣತನವೆಂಬ ಹೆಸರು ಸಲ್ಲದು.

ನಮ್ಮ 1872ರ ಕರಾರು ಕಾಯಿದೆಗೂ ಇದು ತಿಳಿದಿತ್ತು. ಅದರ 215ನೆಯ ಸೆಕ್ಷನ್ನಿನಲ್ಲಿ ಒಂದು ದೃಷ್ಟಾಂತವಿದೆ. ಜಮೀನು ಮಾರಿಕೊಡಲು ಒಪ್ಪಿಕೊಂಡವನಿಗೆ ಅದರಲ್ಲಿ ಗಣಿಯಿರುವುದು ಕಾಣುತ್ತದೆ; ಅದನ್ನು ಮುಚ್ಚಿಟ್ಟು, ಒಡೆಯನ ಒಪ್ಪಿಗೆ ಪಡೆದೇ ತಾನು ಕೊಳ್ಳುತ್ತಾನೆ. ನಿಜ ತಿಳಿದಾಗ ಒಡೆಯ ಆ ಮಾರಾಟವನ್ನು ತಳ್ಳಿಹಾಕಬಹುದು. 2016ರ ರೇರಾ ಕಾಯಿದೆ ದಲ್ಲಾಳಿಗಳಿಗೆ ನೋಂದಣಿ ವಿಧಿಸಿದರೂ ಅದರ ದೃಷ್ಟಿಯೆಲ್ಲ ಹೊಸ ಬಡಾವಣೆ, ಅಪಾರ್ಟ್‌ಮೆಂಟುಗಳ ಕಡೆಗೆ. ಹನಕೆರೆಯ ಹೆಂಚಿನ ಮನೆಗೆ ಆಸರೆಯಾಗಬೇಕಾದದ್ದು ಆ ಹಳೆಯ ಕಾಯಿದೆಯೇ.

ಈ ಸೀಮೆಯ ನೆಲದಡಿ ಗಣಿಯಿಲ್ಲ. ಇಲ್ಲಿನ ಗಣಿ ರಸ್ತೆಯಲ್ಲಿದೆ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ ರೈತರಲ್ಲದವರೂ ಹೊಲ ಕೊಳ್ಳುವಂತಾಯಿತು. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಹೆದ್ದಾರಿಗೆ ಎಲ್ಲಿ ಹತ್ತಬಹುದು, ಎಲ್ಲಿ ಇಳಿಯಬಹುದು, ಪಕ್ಕದ ಹೊಲವನ್ನು ಬೆಂಗಳೂರಿನ ಯಾರು ಕೇಳುತ್ತಿದ್ದಾರೆ, ಇವೆಲ್ಲ ದಲ್ಲಾಳಿಗೆ ಗೊತ್ತು. ಜಗಲಿಯ ಮೇಲೆ ಕೂತ ಮುದುಕಿಗೆ ಗೊತ್ತಿಲ್ಲ. ಹದಿನೈದೇ ದಿನಕ್ಕೆ ಹಣ ತರುವವನ ಕಿಸೆಯಲ್ಲಿ ಕೊಳ್ಳುವವನೂ ಇರಬಹುದು. ಅವನಿಂದಲೂ ಕಮಿಷನ್ ಬರುವುದಿದ್ದರೆ ಅದನ್ನು ಬೆಲೆ ಹೇಳುವ ಮೊದಲೇ ಆಕೆಗೆ ತಿಳಿಸಬೇಕು. ಎರಡು ಕಡೆ ಹಣ ಪಡೆಯುವುದು ನಮ್ಮಲ್ಲಿ ರೂಢಿ. ರೂಢಿಯೆಂದು ನಾನು ಅದನ್ನು ಕ್ಷಮಿಸಲಾರೆ, ಹೇಳಿ ಪಡೆದರೆ ಮಾತ್ರ ಸಹಿಸಿಯೇನು.

"ಹಾಗಾದರೆ ನಿಜವಾದ ಬೆಲೆ ತಿಳಿಯುವುದು ಹೇಗೆ?" ಎಂದು ಓದುಗರು ಕೇಳಬಹುದು. ಅದೇ ಬೀದಿಯಲ್ಲಿ ಈಚೆಗೆ ನಡೆದ ಮಾರಾಟದ ಕ್ರಯಪತ್ರ ನೋಡಿದರೆ ಸಾಕಲ್ಲ? ಸಾಲದು. ಕ್ರಯಪತ್ರದಲ್ಲಿ ಅನೇಕ ವೇಳೆ ಕಾಣುವುದು ಸರ್ಕಾರದ ಮಾರ್ಗಸೂಚಿ ದರಕ್ಕೆ ತಗಲಿಕೊಂಡ ಮೊತ್ತ. ಮಿಕ್ಕದ್ದು ಚೀಲದಲ್ಲಿ ಕೈ ಬದಲಾಗಿರುತ್ತದೆ. ಮುದ್ರಾಂಕ ಶುಲ್ಕ ಉಳಿಯಲೆಂದು ಹಾಗೆ ಬರೆಸುವವರು ದಲ್ಲಾಳಿಗಳಲ್ಲ. ಪತ್ರಿಕೆ ಓದುವ, ಮಕ್ಕಳಿಗೆ ಸತ್ಯ ಹೇಳಲು ಕಲಿಸುವ ಸಭ್ಯ ಗೃಹಸ್ಥರು. ಕಾಗದದಲ್ಲಿ ಇಲ್ಲದ ಆ ಮೊತ್ತವನ್ನು ಬಲ್ಲವರು ಕೊಟ್ಟವನು, ಪಡೆದವನು, ನಡುವೆ ಕೂತ ದಲ್ಲಾಳಿ. ಮೊದಲಿಬ್ಬರು ಬಾಯಿ ಬಿಡುವುದಿಲ್ಲ. ಆದ್ದರಿಂದ ಆ ತಾಯಿ ಮೂರನೆಯವನನ್ನೇ ಕೇಳಬೇಕಾಗಿದೆ.