ಯೋಗಕ್ಕೆ ಫೀಸು, ಜೋಗಕ್ಕೆ ಚಿಲ್ಲರೆ

ಬೆಂಗಳೂರಲ್ಲಿ ವೀಕೆಂಡ್ ಬಂದ್ರೆ ವಾಲ್ಟ್ಜ್ ಕಲಿಯೋಕೆ ಹೋಗುವವರಿದ್ದಾರೆ. ಆ ಪದದ ಅರ್ಥ ಹೇಳೋಕೆ ಯಾರಿಗೂ ಮುಜುಗರವಿಲ್ಲ: ಜರ್ಮನ್ ಭಾಷೆಯಲ್ಲಿ ಉರುಳು, ಸುತ್ತು ಅಂತ. 1816ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಇದೇ ಕುಣಿತವನ್ನು ಅಸಭ್ಯ ಅಂತ ಬೈದಿತ್ತು. ಈಗ ಅದನ್ನು ಯಾರು ನೆನಪಿಟ್ಟಿದ್ದಾರೆ?

ನಮ್ಮದೇ ಕುಣಿತವೊಂದರ ಹೆಸರನ್ನು ಇಷ್ಟು ಸಲೀಸಾಗಿ ಹೇಳೋಕಾಗಲ್ಲ. ಜೋಗತಿ ನೃತ್ಯ. ತಲೆ ಮೇಲೆ ಎಲ್ಲಮ್ಮನ ಕೊಡ, ಪಕ್ಕದಲ್ಲಿ ಚೌಡಿಕೆ, ತಾಳ. ಹೊಸಪೇಟೆ ಹತ್ತಿರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಂದ ಈ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಪದದ ಮೂಲ ದೊಡ್ಡದೇ. ಯೌವನ ಜವ್ವನವಾದ ಹಾಗೆ ಯೋಗ ಜೋಗವಾಯಿತು, ಯೋಗಿ ಜೋಗಿಯಾದ. ಜೋಗತಿ ಆ ಜೋಗಿಯ ಹೆಣ್ಣುರೂಪ. ದೇವರ ಹೆಸರಲ್ಲಿ ಮನೆ ಮನೆ ಬೇಡುವುದೂ ಜೋಗವೇ. ಯೋಗಕ್ಕೆ ತಿಂಗಳಿಗಿಷ್ಟು ಅಂತ ಫೀಸು ಕಟ್ಟುವ ನಾವು, ಸಿಗ್ನಲ್‌ನಲ್ಲಿ ಜೋಗ ಬಂದರೆ ಕಾರಿನ ಗ್ಲಾಸ್ ಏರಿಸ್ತೀವಿ.

ಹಾಗಾದ್ರೆ ಮೂಲ ಪವಿತ್ರ, ಆದ್ದರಿಂದ ಗೌರವ ಕೊಡಿ ಅನ್ನೋಣವೇ? ಈ ವಾದ ನನಗೆ ಒಪ್ಪಿಗೆಯಿಲ್ಲ. ಮೂಲ ಕೀಳಾಗಿದ್ದಿದ್ರೆ ಬೈಯಬಹುದಿತ್ತು ಅಂತಲಾ? ಮನುಷ್ಯರ ಮರ್ಯಾದೆಯನ್ನು ನಿಘಂಟಿನ ಕೈಗೆ ಕೊಡೋದು ಅಪಾಯ.

ಇನ್ನೊಂದು ತೊಡಕೂ ಇದೆ. ಈ ಪದದ ಹಿಂದೆ ಮುತ್ತು ಕಟ್ಟುವ ಪದ್ಧತಿ ಇದೆ, ಬಡ ಮನೆಯ ಹೆಣ್ಣುಮಕ್ಕಳು ಅದಕ್ಕೆ ತೆತ್ತ ಬೆಲೆ ಇದೆ. ದೇವದಾಸಿ ಬಿಡುವುದನ್ನು ನಿಷೇಧಿಸಿ ರಾಜ್ಯ ಕಾನೂನು ತಂದದ್ದು 1982ರಲ್ಲಿ. ಕುಣಿತವನ್ನು ಹೊಗಳುವ ಭರದಲ್ಲಿ ಪದ್ಧತಿಯನ್ನೂ ಹೊಗಳಿಬಿಟ್ಟರೆ ಅದು ಆ ಹೆಣ್ಣುಮಕ್ಕಳಿಗೆ ಮಾಡುವ ಮೋಸ.

ಮಂಜಮ್ಮನವರು ಕಾಳವ್ವ ಜೋಗತಿಯವರಿಂದ ಕುಣಿತ ಕಲಿತರು, ಅದನ್ನು ವೇದಿಕೆಗೆ ತಂದರು. ವೇದಿಕೆಯಲ್ಲಿ ಅದು ಹರಕೆಯಲ್ಲ, ವಿದ್ಯೆ. ಮುತ್ತು ಕಟ್ಟಿಸಿಕೊಳ್ಳದವರೂ ಕಲಿಯಬಹುದು. ಆದರೆ ಜೋಗತಿ ಅನ್ನೋ ಪದವನ್ನು ಅವರು ಬಿಡಲಿಲ್ಲ, ಹೆಸರಿಗೇ ಅಂಟಿಸಿಕೊಂಡರು. ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗಲೂ ಅದೇ ಹೆಸರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದೂ ಜೋಗತಿಯಾಗಿಯೇ.

ಆ ವಿಡಿಯೋವನ್ನು ನಾವೆಲ್ಲ ಫಾರ್ವರ್ಡ್ ಮಾಡಿದ್ದೇವೆ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಜೋಗತಿ ಬಾಡಿಗೆಗೆ ಮನೆ ಕೇಳಿದ್ರೆ ಅಸೋಸಿಯೇಷನ್ನಿನ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಯಾರು ಏನು ಬರೀತಾರೆ ಅಂತ ನಿಮಗೂ ಗೊತ್ತು. ಅದಕ್ಕೆ ನೀವು ಏನು ಉತ್ತರ ಹಾಕ್ತೀರಿ?